ರಾಂಪ್ ತೆರವು ಮಾಡುವ ಶಿಸ್ತು

ಅಮೆರಿಕದ ಮಿನೆಸೋಟ ರಾಜ್ಯದ ಕೆರೆಗಳಲ್ಲಿ ಭಾನುವಾರ ಸಂಜೆ ಬೋಟುಗಳೆಲ್ಲ ಒಂದೇ ಹೊತ್ತಿಗೆ ದಡಕ್ಕೆ ಮರಳುತ್ತವೆ. ಅವನ್ನು ಮೇಲೆತ್ತುವ ಕಾಂಕ್ರೀಟ್ ಇಳಿಜಾರು, ಅಂದರೆ ರಾಂಪ್, ಮಾತ್ರ ಹಲವೆಡೆ ಒಂದೇ. ಅಷ್ಟು ಮಂದಿ ಕಾದಿದ್ದರೂ ಯಾರೂ ಹಾರ್ನ್ ಹೊಡೆಯದಿದ್ದುದನ್ನು ಮೊದಲ ಸಲ ಕಂಡಾಗ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಗಿತ್ತು.

ಟ್ರೇಲರನ್ನು ಹಿಮ್ಮುಖವಾಗಿ ಇಳಿಸಿ, ಬೋಟು ಕೂರುವ ಉದ್ದನೆಯ ಹಲಗೆಗಳು ಬಹುಪಾಲು ಮುಳುಗಿದೊಡನೆ ನಿಲ್ಲಿಸುತ್ತಾರೆ. ಇನ್ನೂ ಆಳಕ್ಕೆ ಹೋದರೆ ಬೋಟು ತೇಲಾಡಿ ಓರೆಯಾಗಿ ಕೂರುತ್ತದೆ. ಬೋಟಿನ ಮೂತಿಯ ಕೊಂಡಿಗೆ ವಿಂಚಿನ (ಟ್ರೇಲರಿನ ಮುಂದಿರುವ, ಕೈಯಿಂದ ತಿರುಗಿಸುವ ಎಳೆರಾಟೆಯ) ಪಟ್ಟಿ ಸಿಕ್ಕಿಸಿ, ಹಿಡಿ ತಿರುಗಿಸಿ ಎಳೆದು, ಸರಪಳಿ ತಗುಲಿಸಿದರೆ ರಾಂಪಿನ ಕೆಲಸ ಮುಗಿಯಿತು. ಹಿಂಬದಿಯ ಪಟ್ಟಿ ಬಿಗಿಯುವುದು, ಸಾಮಾನು ಇಳಿಸುವುದು, ಮಕ್ಕಳ ಲೈಫ್ ಜಾಕೆಟ್ ಬಿಚ್ಚುವುದು ಎಲ್ಲವೂ ಮೇಲಿನ ಬಯಲಿನಲ್ಲಿ. ನೀರು ಬಸಿಯುವ ಪ್ಲಗ್ ತೆಗೆಯದೆ, ಸಿಕ್ಕಿಕೊಂಡ ಜೊಂಡು ಕೀಳದೆ ರಸ್ತೆಗೆ ಹೋಗುವಂತಿಲ್ಲವೆಂದು ಇಲ್ಲಿನ ಕಾನೂನೇ ಇದೆ. ಅದಕ್ಕೊಂದು ಕಾರಣವಿದೆ: 1980ರ ದಶಕದ ಕೊನೆಯಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಕಾಣಿಸಿಕೊಂಡ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಬೋಟುಗಳ ಜೊತೆ ಕೆರೆಯಿಂದ ಕೆರೆಗೆ ಹರಡುತ್ತದೆ.

ನಮ್ಮವರಾದರೆ ಪೆಟ್ರೋಲ್ ಹಾಕಿಸಿದ ಮೇಲೂ ಬಂಕಿನಲ್ಲೇ ನಿಂತು ಪರ್ಸು ಜೋಡಿಸಿಕೊಂಡು, ಫೋನಿನಲ್ಲಿ ಮಾತು ಮುಗಿಸಿ, ಹಿಂದಿರುವವನನ್ನೇ ದುರುಗುಟ್ಟಿ ನೋಡುತ್ತಾರೆ. ತನ್ನ ಕೆಲಸದಲ್ಲಿ ಎಷ್ಟನ್ನು ಬೇರೆಡೆ ಮಾಡಬಹುದೆಂದು ಯೋಚಿಸುವ ಅಭ್ಯಾಸವೇ ನಮಗಿಲ್ಲವೆಂಬುದು ನನ್ನ ದೂರು.

ಹಾಗೆಂದು ಇಲ್ಲಿ ಎಲ್ಲರೂ ಸಾಧುಗಳಲ್ಲ. ವಿಂಚ್ ತಿರುಗಿಸುವ ಶ್ರಮ ಬೇಡವೆಂದು ಎಂಜಿನ್ ಜೋರು ಮಾಡಿ ಬೋಟು ಏರಿಸುವವರಿದ್ದಾರೆ. ಪ್ರೊಪೆಲ್ಲರಿನ ರಭಸಕ್ಕೆ ಕಾಂಕ್ರೀಟಿನ ತುದಿಯಾಚೆ ಗುಂಡಿ ಬಿದ್ದು, ಮುಂದೆ ಬರುವವನ ಟ್ರೇಲರ್ ಚಕ್ರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಕಳೆದ ಬೇಸಿಗೆಯಲ್ಲಿ ಅಡ್ಡಗಾಳಿಗೆ ಬೋಟು ತಿರುಗಿ ವೃದ್ಧರೊಬ್ಬರು ಒಂಟಿಯಾಗಿ ಪರದಾಡುತ್ತಿದ್ದಾಗ, ಸಾಲಿನಲ್ಲಿದ್ದವರು ತಮ್ಮ ತಮ್ಮ ವಾಹನದೊಳಗೇ ಕುಳಿತು ತಾಳ್ಮೆಯಿಂದ ನೋಡಿದರು. ನಾನು ಹೋಗಿ ಹಗ್ಗ ಹಿಡಿದರೆ, ತೊಂದರೆ ಕೊಟ್ಟೆನೆಂದು ಆ ಹಿರಿಯರು ಎರಡೆರಡು ಸಲ ಕ್ಷಮೆ ಕೇಳಿದರು. ನಮ್ಮ ಕರಾವಳಿಯಲ್ಲಾಗಿದ್ದರೆ ಕರೆಯದೆಯೇ ಹತ್ತು ಜನ ನೀರಿಗಿಳಿದು, ಹತ್ತು ಬಗೆಯ ಸಲಹೆ ಕೂಗುತ್ತಲೇ ಬೋಟನ್ನು ನೇರ ಕೂರಿಸಿಬಿಡುತ್ತಿದ್ದರು. ಆಮೇಲೆ ಅಲ್ಲೇ ನಿಂತು ಅದರ ಕಥೆ ಹೇಳುತ್ತ ದಾರಿ ಅಡ್ಡಗಟ್ಟುತ್ತಿದ್ದರೆಂಬುದು ಬೇರೆ ಮಾತು.