ಟೀ ಪುಡಿ, ಸುಂಠಿ, ನೆಪೋಲಿಯನ್

"ಎಲ್ಲಾ ಮೊದ್ಲೇ ಬರೆದಿಟ್ಟಿದಾನೆ ಸ್ವಾಮಿ" ಎಂದು ನಮ್ಮ ಎದುರುಮನೆ ರಾಯರು ಆಗಾಗ ಹೇಳುತ್ತಾರೆ. ಮೊದಲು ಈ ಬರೆದಿಡುವ ಖಾತೆ ಬ್ರಹ್ಮನ ಬಳಿ ಇತ್ತು. ಈಚೆಗೆ ಅದು ನಾಸ್ಟ್ರಡಾಮಸ್‌ಗೆ ವರ್ಗವಾಗಿದೆ. ಮೊನ್ನೆ ಸಂಜೆ ಕೈಚೀಲ ಹಿಡಿದು ದಿನಸಿಗೆ ಹೊರಟವನನ್ನು ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸಿ, ನೆಪೋಲಿಯನ್ ಹುಟ್ಟುವುದನ್ನು ಆ ಮಹಾನುಭಾವ ಇನ್ನೂರು ವರ್ಷ ಮೊದಲೇ ಹೇಳಿದ್ದ ಎಂದರು.

ನಾಸ್ಟ್ರಡಾಮಸ್ ಫ್ರಾನ್ಸಿನ ವೈದ್ಯ. ಪ್ಲೇಗಿನ ರೋಗಿಗಳನ್ನು ನೋಡಿದವನು. ಅವನ ಭವಿಷ್ಯದ ಪದ್ಯಗಳು ಮೊದಲು ಅಚ್ಚಾದದ್ದು 1555ರಲ್ಲಿ. ಎಲ್ಲವೂ ಚೌಪದಿ, ನೂರು ನೂರರ ಕಟ್ಟು. ಒಂದೊಂದು ಕಟ್ಟಿಗೂ ಸೆಂಚುರಿ ಎಂದೇ ಹೆಸರು. ಏಳನೆಯದು ಮಾತ್ರ 42ಕ್ಕೇ ಔಟ್.

ರಾಯರು ಹೇಳಿದ ಪದ್ಯ ಮೊದಲ ಕಟ್ಟಿನ 60ನೆಯದು. ಇಟಲಿಯ ಹತ್ತಿರ ಒಬ್ಬ ಚಕ್ರವರ್ತಿ ಹುಟ್ಟುತ್ತಾನೆ, ಸಾಮ್ರಾಜ್ಯಕ್ಕೆ ಬಲು ದುಬಾರಿಯಾಗುತ್ತಾನೆ, ಅವನ ಸಹವಾಸ ಕಂಡ ಜನ ಇವನು ಅರಸನಿಗಿಂತ ಕಟುಕನೇ ಸರಿ ಅನ್ನುತ್ತಾರೆ. ಇಷ್ಟೇ. ನೆಪೋಲಿಯನ್ ಹುಟ್ಟಿದ್ದು 1769ರಲ್ಲಿ, ಕಾರ್ಸಿಕಾ ದ್ವೀಪದಲ್ಲಿ. ಜಿನೋವಾದವರ ಕೈಯಲ್ಲಿದ್ದ ಆ ದ್ವೀಪ ಹಿಂದಿನ ವರ್ಷವಷ್ಟೇ ಫ್ರಾನ್ಸಿಗೆ ಸಿಕ್ಕಿತ್ತು. ಇಟಲಿಯ ಹತ್ತಿರವೇ, ಅನುಮಾನವಿಲ್ಲ. 1804ರಲ್ಲಿ ಚಕ್ರವರ್ತಿಯೂ ಆದ. ದುಬಾರಿ ಆದನೋ ಇಲ್ಲವೋ, 1812ರಲ್ಲಿ ಅವನ ಜೊತೆ ರಷ್ಯಾಕ್ಕೆ ಹೋದ ಸೈನಿಕರ ಮನೆಯವರನ್ನು ಕೇಳಬೇಕಿತ್ತು. ಈ ಪದ್ಯದ ಇನ್ನೊಂದು ಅನುಕೂಲ ನೋಡಿ. ನೆಪೋಲಿಯನ್ನನನ್ನು ಮೆಚ್ಚುವವರು ಮೊದಲ ಸಾಲು ಓದಿ ಪುಸ್ತಕ ಮುಚ್ಚಬಹುದು. ಆಗದವರು ಕೊನೆಯ ಸಾಲಿಗೇ ನೇರ ಹೋಗಬಹುದು.

"ಹೆಸರೇ ಇದೆಯಲ್ರೀ!" ಎಂದರು ರಾಯರು. ಎಂಟನೆಯ ಕಟ್ಟಿನ ಮೊದಲ ಪದ್ಯದಲ್ಲಿ ಪೌ, ನೇ, ಲೋರೋಂ ಎಂಬ ಮೂರು ಮಾತುಗಳಿವೆ. ಫ್ರಾನ್ಸಿನ ನೈರುತ್ಯ ಮೂಲೆಯಲ್ಲಿ ಪೌ, ನೇ, ಒಲೋರೋಂ ಎಂಬ ಊರುಗಳು ಇವತ್ತಿಗೂ ಅಕ್ಕಪಕ್ಕದಲ್ಲಿವೆ. ಆದರೆ ರೋಮನ್ ಲಿಪಿಯಲ್ಲಿ ಆ ಮೂರೂ ಮಾತಿನ ಅಕ್ಷರ ಕಲಸಿ ಮತ್ತೆ ಜೋಡಿಸಿದರೆ 'ನಪೌಲೋನ್ ರುವಾ' ಎಂದು ಬರುತ್ತದೆ, ಅಂದರೆ ನೆಪೋಲಿಯನ್ ರಾಜ. ಫ್ರಾನ್ಸಿನಲ್ಲಿ ಆ ಮನುಷ್ಯ ರಾಜ ಅನ್ನಿಸಿಕೊಳ್ಳದೆ ಚಕ್ರವರ್ತಿಯೇ ಆದದ್ದು ಬೇರೆ ಮಾತು.

ನಮ್ಮಲ್ಲೂ ಈ ವಿದ್ಯೆ ಕಡಿಮೆಯೇನಿಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಒಂದು ಸಾಲಿನ ಕಾರ್ಣಿಕ ನುಡಿಯುತ್ತಾನೆ. ಅವನು ಕೆಳಗಿಳಿಯುವಷ್ಟರಲ್ಲಿ ರೈತನಿಗೆ ಅದರಲ್ಲಿ ಮಳೆ ಕಂಡಿರುತ್ತದೆ, ರಾಜಕಾರಣಿಗೆ ಕುರ್ಚಿ. ಆದರೆ ಇವರ ಧೈರ್ಯ ಮೆಚ್ಚಬೇಕು. ಇವರು ಬರುವ ಮಳೆಗೆ ಅರ್ಥ ಹೇಳುತ್ತಾರೆ. ನಾಸ್ಟ್ರಡಾಮಸ್‌ನ ಭಕ್ತರು ಹೋದ ಮಳೆಯ ನೀರಿಗೆ ಕೊಡೆ ಹಿಡಿಯುವವರು.

ಅಂಗಡಿಯಲ್ಲಿ ಜನವೋ ಜನ. ನನ್ನ ಸರದಿ ಕಾಯುತ್ತಾ ಹೆಂಡತಿ ಬರೆದ ಚೀಟಿ ತೆಗೆದೆ. ಟೀ ಪುಡಿ ಕಾಲು ಕೇಜಿ. ಸುಂಠಿ. ಮೆಂತ್ಯ. ಸೋಪು 4. ಮೈ ಜುಂ ಎಂದಿತು. 'ಡಿ' ಒಂದನ್ನು ಕೈಬಿಟ್ಟರೆ ಟೀಪು! ಸುಂಠಿಯ ಸು, ಸುಲ್ತಾನ. ಮೆಂತ್ಯದ ಮೆ ಸ್ವಲ್ಪ ಎಳೆದರೆ ಮೇ ತಿಂಗಳು, ಪಕ್ಕದಲ್ಲೇ 4. ಸೋಪಿನ ಸೋ, ಸೋಲು. ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಬಿದ್ದದ್ದು 1799ರ ಮೇ 4ರಂದೇ ಅಲ್ಲವೇ? ಪೌ, ನೇ, ಲೋರೋಂಗೆ ಕೊಟ್ಟಷ್ಟೇ ರಿಯಾಯಿತಿಯನ್ನು ನಮ್ಮನೆ ಚೀಟಿಗೂ ಕೊಟ್ಟರೆ ಸಾಕು. ಒಂದೇ ಕೊರತೆ, ಚೀಟಿ ಬರೆದದ್ದು ಇನ್ನೂರು ಚಿಲ್ಲರೆ ವರ್ಷ ತಡವಾಗಿ.

ಹಾಗೆ ನೋಡಿದರೆ ಆ ವರ್ಷ ಒಂದು ಭವಿಷ್ಯ ನಿಜಕ್ಕೂ ಬೇಕಾಗಿತ್ತು. 1799ರ ಜನವರಿಯಲ್ಲಿ ಕೈರೋದಲ್ಲಿದ್ದ ನೆಪೋಲಿಯನ್ ಟಿಪ್ಪುವಿಗೆ ಕಾಗದ ಬರೆದ, ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರಿಂದ ನಿಮ್ಮನ್ನು ಬಿಡಿಸುವ ಆಸೆಯಿದೆ ಎಂದು. ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. 'ಅಂಚೆ ತಲುಪದು' ಎಂದು ಯಾವನಾದರೂ ಒಂದು ಚೌಪದಿ ಬರೆದಿದ್ದರೆ ಅವನಿಗೆ ನಾನೇ ಶಾಲು ಹೊದಿಸುತ್ತಿದ್ದೆ.

ಮನೆಗೆ ಬಂದು ಚೀಲ ಇಳಿಸಿದೆ. ನನ್ನ ಸಂಶೋಧನೆಯನ್ನು ಬಿಚ್ಚುವ ಮೊದಲೇ ಅವಳು ಕೇಳಿದಳು: "ಸಕ್ಕರೆ ಎಲ್ರೀ?"

"ಚೀಟೀಲಿ ಇರಲಿಲ್ಲ."

"ಹಿಂದುಗಡೆ ಬರೆದಿದ್ದೆ. ತಿರುಗಿಸಿ ನೋಡೋಕೇನು ಕಷ್ಟ?"

ತಿರುಗಿಸಿದೆ. ಇತ್ತು, ಅಡಿಗೆರೆ ಸಮೇತ. ಮಾತು ಮರೆಸಲು, ನೆಪೋಲಿಯನ್ನನಿಗೂ ಹೀಗೇ ಸಕ್ಕರೆಗೆ ತತ್ವಾರ ಬಂದಿತ್ತು, ಇಂಗ್ಲಿಷರ ಜೊತೆ ಜಗಳ ಮಾಡಿಕೊಂಡು ಹಡಗಿನಲ್ಲಿ ಬರುತ್ತಿದ್ದ ಸಕ್ಕರೆ ನಿಂತು, 1811ರಲ್ಲಿ ದೇಶದಲ್ಲೆಲ್ಲ ಬೀಟ್ ಹಾಕಿಸಿ ಅದರಿಂದ ಸಕ್ಕರೆ ಮಾಡಿಸಿದ ಎಂದೆ.

"ಫ್ರಿಜ್ಜಲ್ಲಿ ಎರಡು ಬೀಟ್‌ರೂಟ್ ಇದೆ," ಎಂದಳು. "ಹಿಂಡ್ಕೊಂಡು ಟೀ ಕುಡೀರಿ."