ಅದೇ ಊರಿಗೆ ಮತ್ತೊಮ್ಮೆ ಹೋಗಿ

ಜರ್ನಲಿಸಂ ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳಿಗೆ ನಮ್ಮ ಹಿರಿಯರು ಹೇಳುವುದು ಒಂದೇ ಮಾತು. ತಾಳಿದವನು ಬಾಳಿಯಾನು, ಸ್ವಲ್ಪ ದಿನ ಕಷ್ಟಪಡಿ, ಆಮೇಲೆ ಎಲ್ಲ ಸರಿಹೋಗುತ್ತೆ. ಮೊನ್ನೆ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ವೇದಿಕೆ ಮೇಲಿದ್ದವರೆಲ್ಲ ಸಾಲಾಗಿ ಇದನ್ನೇ ಹೇಳಿದರು. ಕೇಳಿ ನನಗೆ ಸಿಟ್ಟು ಬಂತು. ಸುಮ್ನೆ ತಾಳಿಕೊಂಡು ಕೂತವರಿಗೆ ಈ ವೃತ್ತಿ ಏನೂ ಕೊಟ್ಟಿಲ್ಲ. ಹತ್ತಾರು ವರ್ಷ ತಾಳಿದ ಒಳ್ಳೊಳ್ಳೆ ವರದಿಗಾರರು ಕೊನೆಗೆ ಜೆರಾಕ್ಸ್ ಅಂಗಡಿ ಇಟ್ಟಿದ್ದು, ಎಲ್‌ಐಸಿ ಏಜೆಂಟ್ ಆಗಿದ್ದು ನನ್ನ ಕಣ್ಣೆದುರಿಗೇ ಇದೆ. ಅವರಲ್ಲಿ ಹಟ ಕಡಿಮೆ ಇತ್ತಾ? ಖಂಡಿತ ಇಲ್ಲ.

ಹಟ ಬೇಕು. ಆದರೆ ಯಾವುದರ ಮೇಲೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನೌಕರಿಯನ್ನು ಹಿಡಿದು ನೇತಾಡಬೇಡಿ, ಒಂದು ವಿಷಯವನ್ನು ಹಿಡಿದುಕೊಳ್ಳಿ. ಒಮ್ಮೆ ಬರೆದ ಸುದ್ದಿಯ ಬೆನ್ನು ಬಿಡಬೇಡಿ. ನನ್ನನ್ನು ಇಲ್ಲಿಯವರೆಗೆ ಉಳಿಸಿದ್ದು ಅದೇ.

ನಾನು ಶುರು ಮಾಡಿದ್ದು ತುಮಕೂರು ಜಿಲ್ಲೆಯ ಪಾವಗಡದ ಕಡೆ, ಅರೆಕಾಲಿಕ ವರದಿಗಾರ್ತಿಯಾಗಿ. ಹೆಸರಿಗೆ ಅರೆಕಾಲಿಕ, ಫೋನು ಮಾತ್ರ ಬೆಳಗ್ಗೆಯಿಂದ ರಾತ್ರಿವರೆಗೆ ಬರುತ್ತಿತ್ತು. ನೇಮಕಾತಿ ಪತ್ರ ಇಲ್ಲ, ಸಂಬಳ ಇಲ್ಲ. ಅಚ್ಚಾದ ಸುದ್ದಿಯ ಉದ್ದ ಅಳೆದು ದುಡ್ಡು, ಅದೂ ತಿಂಗಳುಗಟ್ಟಲೆ ತಡ. ಅದಕ್ಕಿಂತ ಕಷ್ಟದ್ದು ಜಾಹೀರಾತು. ಆಗಸ್ಟ್ 15, ದೀಪಾವಳಿ, ಜನವರಿ 26 ಬಂದರೆ ಶುಭಾಶಯ ಕೋರುವವರನ್ನು ಹುಡುಕಿಕೊಂಡು ಹೋಗಬೇಕು. ಯಾರು ಕೊಡುತ್ತಾರೆ? ಪಂಚಾಯಿತಿ ಅಧ್ಯಕ್ಷರು, ಗುತ್ತಿಗೆದಾರರು, ರಾಜಕೀಯದವರು. ಬರಬೇಕಾದ ಸುದ್ದಿಯೂ ಅವರ ಮೇಲೆಯೇ. ಇವತ್ತು ಅರ್ಧ ಪುಟದ ಜಾಹೀರಾತು ಕೊಟ್ಟವರು ಮಾಡಿದ ರಸ್ತೆ ನಾಳೆ ಕಿತ್ತುಹೋದರೆ ಬರೆಯೋದು ಹೇಗೆ? ಅವರು ಬೆದರಿಸಬೇಕಾಗಿಯೂ ಇಲ್ಲ. "ಏನ್ ಮೇಡಂ, ನಾವು ನಿಮ್ಮವರೇ ಅಲ್ವಾ" ಅಂದರೆ ಸಾಕು, ಕೈ ಕಟ್ಟಿಹಾಕಿದ ಹಾಗಾಗುತ್ತದೆ.

ಮನೆಯಲ್ಲಿ ಅಮ್ಮ ಬಿ.ಎಡ್. ಮಾಡು ಅನ್ನುತ್ತಿದ್ದರು. ಅಪ್ಪ ಸರ್ಕಾರಿ ಗುಮಾಸ್ತರ ಕೆಲಸದ ಎಫ್‌ಡಿಎ ಪರೀಕ್ಷೆ ಕಟ್ಟು ಅನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆ ಸಮಯದಲ್ಲೇ ನನಗೆ ನೀರಿನ ವಿಷಯ ಸಿಕ್ಕಿದ್ದು. ಪಾವಗಡ ಸೀಮೆಯ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತವೆ, ದೊಡ್ಡವರ ಮಂಡಿ, ಸೊಂಟ ಬಿಗಿಯುತ್ತವೆ. ನಲವತ್ತು ದಾಟದವರೂ ಜಗಲಿಯಿಂದ ಏಳಬೇಕಾದರೆ ಕಂಬ ಹಿಡಿದು ಏಳುವುದನ್ನು ನಮ್ಮ ಕಡೆಯ ಊರುಗಳಲ್ಲಿ ಯಾರು ಬೇಕಾದರೂ ನೋಡಬಹುದು. ಅದಕ್ಕೇ ಸರ್ಕಾರ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಹಾಕಿಸಿತು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ.

ಒಂದು ಊರಲ್ಲಿ ಘಟಕಕ್ಕೆ ಬೀಗ ಬಿದ್ದಿತ್ತು. ನಾನೂ ಎಲ್ಲರ ಹಾಗೆ ಒಂದು ಸುದ್ದಿ ಬರೆದೆ. ಕೆಟ್ಟು ನಿಂತ ಘಟಕ, ದುರಸ್ತಿಗೆ ಗ್ರಾಮಸ್ಥರ ಒತ್ತಾಯ. ಜೊತೆಗೊಂದು ಬೀಗದ ಫೋಟೋ. ಇಂಥ ಸುದ್ದಿ ದಿನಾ ಯಾವುದಾದರೂ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ಸ್ವಲ್ಪ ದಿನ ಬಿಟ್ಟು ಅದೇ ಊರಿಗೆ ಬೇರೆ ಯಾವುದೋ ಸಮಾರಂಭಕ್ಕೆ ಹೋಗಿದ್ದೆ. ಬೀಗ ಹಾಗೇ ಇತ್ತು, ತುಕ್ಕು ಹಿಡಿದಿತ್ತು. ತಲೆ ಮೇಲೆ ಕೊಡ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಗುರುತು ಹಿಡಿದು ಹೇಳಿದರು, "ಪೇಪರ್‌ನೋರು ಬತ್ತೀರಿ, ಫೋಟೋ ಹೊಡ್ಕಂಡು ಹೋಯ್ತೀರಿ. ಆಮ್ಯಾಕೆ ಯಾರೂ ಈ ಕಡೆ ತಿರುಗೂ ನೋಡಲ್ಲ ಕಣವ್ವ."

ನಾನು ಆ ಘಟಕದ ಬೆನ್ನು ಹತ್ತಿದೆ. ಗ್ರಾಮ ಪಂಚಾಯಿತಿಯ ಅಧಿಕಾರಿ ಪಿಡಿಓ ಅವರನ್ನು ಕೇಳಿದರೆ ನಿರ್ವಹಣೆ ಏಜೆನ್ಸಿಯದ್ದು ಅಂದರು. ಎಂಜಿನಿಯರ್ ಅವರನ್ನು ಕೇಳಿದರೆ ಘಟಕವನ್ನು ಪಂಚಾಯಿತಿಗೆ ಹಸ್ತಾಂತರ ಮಾಡಿ ಆಯ್ತು ಅಂದರು. ಏಜೆನ್ಸಿಯ ಫೋನು ಹೋಗುತ್ತಲೇ ಇರಲಿಲ್ಲ. ಆಗ ಮಾಹಿತಿ ಹಕ್ಕು ಅರ್ಜಿ ಹಾಕಿದೆ. 2005ರ ಈ ಕಾಯ್ದೆ ನಮ್ಮಂಥ ತಾಲ್ಲೂಕು ವರದಿಗಾರರಿಗೆ ಏನು ಅನ್ನುವುದು ಬಳಸಿದವರಿಗೇ ಗೊತ್ತು. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದ ಒಳಗೆ ಪ್ರಶ್ನೆ, 30 ದಿನದಲ್ಲಿ ಉತ್ತರ. ನಾನು ಕೇಳಿದ್ದು ಹಸ್ತಾಂತರದ ಪತ್ರ, ನಿರ್ವಹಣೆ ಕರಾರಿನ ಅವಧಿ, ನೀರಿನ ಪರೀಕ್ಷೆ ಮಾಡಿಸಿದ ದಿನಾಂಕಗಳು. ಕಚೇರಿಯ ಗುಮಾಸ್ತರು ನನ್ನನ್ನು ನೋಡಿದರೆ ಸಾಕು, "ಏನ್ ಮೇಡಂ, ಮತ್ತೆ ಬಂದ್ರಾ, ನಿಮಗೆ ಬೇರೆ ನ್ಯೂಸೇ ಇಲ್ವಾ" ಅನ್ನುತ್ತಿದ್ದರು. ಕಾಗದ ಬಂದ ಮೇಲೆ ಚಿತ್ರ ಪೂರ್ತಿ ಬದಲಾಯಿತು. ಕರಾರಿನ ಅವಧಿ ಇನ್ನೂ ಮುಗಿದಿರಲಿಲ್ಲ. ಅಂದರೆ ರಿಪೇರಿ ಯಾರ ಕೆಲಸ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ, ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸಿ ದಿನ ದೂಡುತ್ತಿದ್ದರು ಅಷ್ಟೇ.

ಎರಡನೇ ಸುದ್ದಿ ಬರೆದೆ, ಕಾಗದದ ಆಧಾರ ಇಟ್ಟು. ಘಟಕ ರಿಪೇರಿ ಆಯಿತು. ಮತ್ತೆ ಕೆಟ್ಟಿತು. ಮತ್ತೆ ಹೋದೆ, ಬರೆದೆ.

ಇದರಿಂದ ಆ ಊರಿಗೆ ಎಷ್ಟು ಒಳ್ಳೆಯದಾಯಿತೋ ಅದಕ್ಕಿಂತ ಹೆಚ್ಚು ನನಗೆ ಆಯಿತು, ಇದನ್ನು ಒತ್ತಿ ಹೇಳಬೇಕು. ನೀರಿನ ಪರೀಕ್ಷೆಯ ವರದಿ ಓದೋದು ಕಲಿತೆ. ಫಿಲ್ಟರಿನ ಪೊರೆ ಕಾಲಕಾಲಕ್ಕೆ ಬದಲಾಯಿಸದಿದ್ದರೆ ಏನಾಗುತ್ತದೆ, ಘಟಕದಿಂದ ಹೊರಗೆ ಹೋಗುವ ಉಪ್ಪು ನೀರನ್ನು ಎಲ್ಲಿ ಬಿಡುತ್ತಾರೆ, ಎಲ್ಲ ತಿಳಿಯಿತು. ಪಕ್ಕದ ತಾಲ್ಲೂಕಿನವರು ಫೋನ್ ಮಾಡಿ "ನಮ್ಮೂರಲ್ಲೂ ಹಿಂಗೇ ಆಗಿದೆ, ಬನ್ನಿ" ಅನ್ನತೊಡಗಿದರು. ಮೊದಲು ಮುಖ ಕೊಟ್ಟು ಮಾತಾಡದ ಎಂಜಿನಿಯರುಗಳು ತಾವಾಗಿಯೇ ಕರೆದು ಲೆಕ್ಕ ಕೊಟ್ಟರು, ಯಾಕೆಂದರೆ ತಪ್ಪು ಬರೆಯುವುದಿಲ್ಲ ಅನ್ನುವ ನಂಬಿಕೆ ಬಂದಿತ್ತು. ಕೊನೆಗೆ ಒಂದು ದಿನ ಬೇರೆ ಪತ್ರಿಕೆಯ ಜಿಲ್ಲಾ ಕಚೇರಿಯಿಂದ ಫೋನ್ ಬಂತು. "ಆ ನೀರಿನ ಬಗ್ಗೆ ಬರೆಯೋರು ನೀವೇನಾ?" ನನ್ನ ಮೊದಲ ಸಂಬಳದ ಕೆಲಸ ಬಂದಿದ್ದು ಆ ಒಂದು ಪ್ರಶ್ನೆಯಿಂದ. ಯಾರದ್ದೂ ಶಿಫಾರಸು ಇರಲಿಲ್ಲ. ದಿನಾ ಎಲ್ಲರ ಹಾಗೆ ಉದ್ಘಾಟನೆ, ಜಯಂತಿ, ಪ್ರತಿಭಟನೆ ಬರೆಯುತ್ತಿದ್ದರೆ ನನ್ನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ.

ವಿಷಯಕ್ಕೆ ಎಲ್ಲಿಗೋ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕನ್ನೇ ನೋಡಿ. 2018ರಲ್ಲಿ ಉದ್ಘಾಟನೆ ಆದಾಗ ಬರೆಯದ ಪತ್ರಿಕೆ ಇಲ್ಲ. ಸುಮಾರು 13,000 ಎಕರೆ, 2,000 ಮೆಗಾವಾಟಿಗೂ ಹೆಚ್ಚು, ರೈತರ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಜಮೀನಿದ್ದವರಿಗೆ ಬಾಡಿಗೆ ಬಂತು, ಮಳೆ ಇಲ್ಲದ ಊರಲ್ಲಿ ಅದು ಸಣ್ಣ ವಿಷಯ ಅಲ್ಲ. ಆದರೆ ಆ ಹೊಲಗಳಲ್ಲಿ ಕಡಲೆಕಾಯಿ ಕೀಳೋಕೆ ಹೋಗುತ್ತಿದ್ದ ಕೂಲಿಯವರು, ಕುರಿ ಮೇಯಿಸುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ? ಅವರ ಹೆಸರಲ್ಲಿ ಜಮೀನು ಇರಲಿಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಇದನ್ನು ವರ್ಷಕ್ಕೊಮ್ಮೆಯಾದರೂ ಹೋಗಿ ಕೇಳಿ ಬರೆಯುವ ಒಬ್ಬ ವರದಿಗಾರ ಅಥವಾ ವರದಿಗಾರ್ತಿ ಇದ್ದರೆ ಅವರನ್ನು ಬಿಟ್ಟು ಯಾವ ಪತ್ರಿಕೆಯೂ ಆ ವಿಷಯ ಮಾತಾಡೋಕೆ ಆಗುವುದಿಲ್ಲ.

ಇಲಾಖೆಗಳ ಕೆಲಸ ಎಲ್ಲಿಗೆ ಬಂತು ಅಂತ ನೋಡುವ ತಾಲ್ಲೂಕು ಪಂಚಾಯಿತಿಯ ಕೆಡಿಪಿ ಸಭೆಗೆ ಎಲ್ಲರೂ ಹೋಗುತ್ತಾರೆ. ಶಾಸಕರು ಅಧಿಕಾರಿಯನ್ನು ತರಾಟೆಗೆ ತೆಗೆದುಕೊಂಡರು ಅನ್ನುವುದು ಮರುದಿನದ ಸುದ್ದಿ. ಒಮ್ಮೆ ಹಿಂದಿನ ಸಭೆಯ ನಡಾವಳಿ ಮತ್ತು ಅಲ್ಲಿ ಹೇಳಿದ್ದನ್ನು ಮಾಡಿದರಾ ಅಂತ ತಿಳಿಸುವ ಅನುಪಾಲನಾ ವರದಿ ಕೇಳಿ ಪಡೆದು ಓದಿ. ಹೋದ ಸಭೆಯಲ್ಲಿ ತರಾಟೆ ಆದ ವಿಷಯವೇ ಈ ಸಭೆಯಲ್ಲೂ ತರಾಟೆ ಆಗಿರುತ್ತದೆ, ಮಧ್ಯೆ ಏನೂ ನಡೆದಿರುವುದಿಲ್ಲ. ಅದೇ ಸುದ್ದಿ. ಹಾಗೆಯೇ ಪೊಲೀಸ್ ಸುದ್ದಿ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಬಂಧನ ಆದ ದಿನ ಫೋಟೋ ಹಾಕಿ ಬರೆಯುತ್ತೇವೆ. ಆರೋಪಪಟ್ಟಿ ಸಲ್ಲಿಸಿದರಾ, ಕೊನೆಗೆ ಆ ಮನುಷ್ಯ ಖುಲಾಸೆ ಆದನಾ ಅನ್ನುವುದನ್ನು ಎಷ್ಟು ಜನ ಬರೆಯುತ್ತೇವೆ? ಒಬ್ಬನ ಮಾನ ಹೋಗುವ ಹಾಗೆ ಬರೆದ ಮೇಲೆ ಅವನು ನಿರಪರಾಧಿ ಅಂತ ತೀರ್ಪು ಬಂದರೆ ಅದನ್ನೂ ಅಷ್ಟೇ ದೊಡ್ಡದಾಗಿ ಬರೆಯುವುದು ನಮ್ಮ ಜವಾಬ್ದಾರಿ. ಇದರಲ್ಲಿ ರಾಜಿಯೇ ಇಲ್ಲ.

ಪತ್ರಕರ್ತ ಪಿ. ಸಾಯಿನಾಥ್ ಅವರ ಹೆಸರು ಈಗ ಎಲ್ಲರಿಗೂ ಗೊತ್ತು. ಅವರು ಮುಂಬೈನ ಪತ್ರಿಕೆಯ ಕುರ್ಚಿ ಬಿಟ್ಟು 1993ರಲ್ಲಿ ಒಂದು ಫೆಲೋಶಿಪ್ ಹಿಡಿದು ದೇಶದ ಅತಿ ಬಡ ಜಿಲ್ಲೆಗಳಿಗೆ ಹೋದರು. ಬರಗಾಲ ಬಂದಾಗ ಮಾತ್ರ ಹೋಗಿ ಬರುವುದನ್ನು ಬಿಟ್ಟು, ಏನೂ ಆಗದ ದಿನಗಳಲ್ಲೂ ಅಲ್ಲಿನ ಜನ ಹೇಗೆ ಬದುಕುತ್ತಾರೆ ಅಂತ ಬರೆದರು. 2014ರಲ್ಲಿ ಅವರು ಹಳ್ಳಿಗರ ಬದುಕಿನ ಬಗ್ಗೆಯೇ ಶುರುಮಾಡಿದ 'ಪರಿ' ಜಾಲತಾಣ ಕನ್ನಡದಲ್ಲೂ ಇದೆ, ಓದಿ. ನಮ್ಮಲ್ಲೇ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಲ್ಲಿ 'ಮುಂಗಾರು' ಕಟ್ಟಿದರು. ಆ ಪತ್ರಿಕೆ ಉಳಿಯಲಿಲ್ಲ. ಆದರೆ ಅಲ್ಲಿ ಕೆಲಸ ಕಲಿತ ಹುಡುಗರು, ದಿನೇಶ್ ಅಮೀನ್ ಮಟ್ಟು ಅವರಂಥವರು, ಮುಂದೆ ಕನ್ನಡ ಪತ್ರಿಕೋದ್ಯಮದಲ್ಲಿ ದೊಡ್ಡ ಹೆಸರಾದರು. ಪತ್ರಿಕೆ ಮುಚ್ಚಿದರೂ ಕಲಿತಿದ್ದು ಕೈ ಬಿಡುವುದಿಲ್ಲ. ಇನ್ನು ಆರ್. ಕಲ್ಯಾಣಮ್ಮನವರನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಾಲವಿಧವೆ. ಹೆಂಗಸರು ಓದೋದೇ ತಪ್ಪು ಅನ್ನುತ್ತಿದ್ದ ಕಾಲ. ಆಕೆ 'ಸರಸ್ವತಿ' ಅನ್ನುವ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ನಾಲ್ಕು ದಶಕ! ಕನ್ನಡ ಪತ್ರಿಕೋದ್ಯಮದ ಪಾಠದಲ್ಲಿ ಅವರಿಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು.

ಹೆಣ್ಣುಮಕ್ಕಳಿಗೆ ಈ ಕೆಲಸ ಈಗಲೂ ಸುಲಭ ಆಗಿಲ್ಲ. ನಮ್ಮ ಕಡೆ ಎಷ್ಟೋ ಊರಿಗೆ ಖಾಸಗಿ ಬಸ್ಸೇ ಗತಿ, ಶಕ್ತಿ ಯೋಜನೆ ಅಲ್ಲಿ ನಡೆಯುವುದಿಲ್ಲ. ಸಭೆ ತಡವಾದರೆ ಕೊನೇ ಬಸ್ ಹೋಗಿರುತ್ತದೆ. ಕಚೇರಿಗಳಲ್ಲಿ ಸರಿಯಾದ ಶೌಚಾಲಯ ಇರುವುದಿಲ್ಲ. ಡೆಸ್ಕಿನವರು ಮೊದಲು ಕೇಳೋದು "ಮಹಿಳಾ ಪುರವಣಿಗೆ ಏನಾದ್ರೂ ಬರೀತೀರಾ" ಅಂತ. ಬರೆಯಿರಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ನೀರು ತರುವವರು ಹೆಂಗಸರು, ರೇಷನ್ ಕ್ಯೂನಲ್ಲಿ ನಿಲ್ಲುವವರು ಹೆಂಗಸರು, ಸ್ವಸಹಾಯ ಸಂಘದ ಸಾಲ ಕಟ್ಟುವವರು ಹೆಂಗಸರು. ಅವರು ಗಂಡಸು ವರದಿಗಾರರ ಮುಂದೆ ಹೇಳದ ಮಾತನ್ನು ನಿಮ್ಮ ಹತ್ತಿರ ಹೇಳುತ್ತಾರೆ.

ಈಗ ದುಡ್ಡಿನ ಮಾತು, ಯಾಕೆಂದರೆ ಇದನ್ನು ಮುಚ್ಚಿಟ್ಟು ಹಟ ಹಿಡಿ ಅನ್ನುವುದು ಅನ್ಯಾಯ. ಪತ್ರಕರ್ತರ ಸಂಬಳ, ಕೆಲಸದ ಹೊತ್ತಿನ ಬಗ್ಗೆ 1955ರಲ್ಲೇ ಕಾಯ್ದೆ ಬಂತು, ಅದರ ವ್ಯಾಖ್ಯೆಯಲ್ಲಿ ಅರೆಕಾಲಿಕರಿಗೂ ಜಾಗ ಇತ್ತು. ಮಜೀಥಿಯಾ ವೇತನ ಮಂಡಳಿಯ ಶಿಫಾರಸು 2011ರಲ್ಲಿ ಅಧಿಸೂಚನೆ ಆಯಿತು, 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನೇಮಕಾತಿ ಪತ್ರವೇ ಇಲ್ಲದ ಸ್ಟ್ರಿಂಗರ್‌ಗೆ, ಅಂದರೆ ಸುದ್ದಿಯ ಲೆಕ್ಕದಲ್ಲಿ ದುಡ್ಡು ಪಡೆಯುವ ಅರೆಕಾಲಿಕ ವರದಿಗಾರರಿಗೆ, ಇದರಿಂದ ಏನು ಬಂತು? ಪ್ರತಿ ಜುಲೈ 1ಕ್ಕೆ, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಬಂದ ದಿನ ಅಂತ ತಾಲ್ಲೂಕು ತಾಲ್ಲೂಕಲ್ಲಿ ಪತ್ರಿಕಾ ದಿನಾಚರಣೆ ಮಾಡುತ್ತೇವೆ, ಶಾಲು ಹೊದಿಸುತ್ತೇವೆ. ಆ ವೇದಿಕೆಯಲ್ಲಿ ಸ್ಟ್ರಿಂಗರ್‌ಗಳ ಸಂಬಳದ ಪ್ರಶ್ನೆ ಎತ್ತಿದರೆ ಸಾಕು, ಎಲ್ಲರೂ ಮಾತು ಬದಲಿಸುತ್ತಾರೆ.

ಅದಕ್ಕೇ ಹೊಸಬರಿಗೆ ಹೇಳೋದು, ಹೊಟ್ಟೆಪಾಡಿಗೆ ಇನ್ನೊಂದು ದಾರಿ ಇಟ್ಟುಕೊಳ್ಳಿ. ನಾನು ಸಂಜೆ ಟ್ಯೂಷನ್ ಹೇಳಿಕೊಟ್ಟೆ, ಅನುವಾದ ಮಾಡಿದೆ. ಅದರಲ್ಲಿ ಅವಮಾನ ಏನೂ ಇಲ್ಲ. ಒಂದೇ ಎಚ್ಚರ, ಆ ದುಡ್ಡು ನೀವು ಬರೆಯುವ ವಿಷಯದವರಿಂದ ಬರಬಾರದು. ನೀರಿನ ಬಗ್ಗೆ ಬರೆಯೋರು ನೀರಿನ ಗುತ್ತಿಗೆದಾರನ ಹತ್ತಿರ ಜಾಹೀರಾತು ತರಬಾರದು, ಮೇಲಿನವರು ಎಷ್ಟೇ ಒತ್ತಾಯ ಮಾಡಲಿ. ಮೈಕಿಗೆ ಲೋಗೋ ಹಾಕಿಕೊಂಡು ಅಂಗಡಿ ಅಂಗಡಿಗೆ ಹೋಗಿ ವಸೂಲಿ ಮಾಡುವವರಿಂದ ಇಡೀ ವೃತ್ತಿಗೆ ಕೆಟ್ಟ ಹೆಸರು ಬಂದಿದೆ, ಆ ಗುಂಪಿಗೆ ಸೇರಿದವರಿಗೆ ವಾಪಸ್ ಬರುವ ದಾರಿ ಇರುವುದಿಲ್ಲ. ಹಾಗೆಯೇ, ತಿಂಗಳುಗಟ್ಟಲೆ ದುಡಿಸಿಕೊಂಡು ನೇಮಕಾತಿ ಪತ್ರ ಕೇಳಿದರೆ ನಾಳೆ ಬಾ ಅನ್ನುವ ಕಡೆ ಇರಬೇಡಿ. ಅಲ್ಲಿಂದ ಹೊರಡುವುದು ಸೋಲಲ್ಲ. ನಿಮ್ಮ ನೋಟ್‌ಬುಕ್ಕು, ನಿಮಗೆ ಫೋನ್ ಮಾಡುವ ಜನ, ನೀವು ಓದೋಕೆ ಕಲಿತ ಕಾಗದ, ಇವೆಲ್ಲ ನಿಮ್ಮ ಜೊತೆಗೇ ಬರುತ್ತವೆ.

ಕೊನೆಗೆ ಸಂಪಾದಕರ ಕುರ್ಚಿಯಲ್ಲಿ, ಜಿಲ್ಲಾ ಬ್ಯೂರೋಗಳಲ್ಲಿ ಇರುವ ಗೆಳೆಯರಿಗೆ ಒಂದು ಮನವಿ. ತಾಲ್ಲೂಕಿನಿಂದ ಫಾಲೋಅಪ್ ಬಂದಾಗ "ಇದು ಹೋದ ತಿಂಗಳೇ ಬಂದಿತ್ತಲ್ಲ" ಅಂತ ಪಕ್ಕಕ್ಕೆ ಇಡಬೇಡಿ. ವಾರಕ್ಕೆ ಒಂದು ಜಾಗ ಅದಕ್ಕೇ ಅಂತ ಮೀಸಲಿಡಿ, ಬರೆದವರ ಹೆಸರು ಹಾಕಿ, ಆ ಊರಿಗೆ ಎರಡನೇ ಸಲ ಹೋಗಿಬಂದ ಬಸ್ ಚಾರ್ಜು ಕೊಡಿ. ಜಾಹೀರಾತು ತರುವ ಕೆಲಸವನ್ನು ಸುದ್ದಿ ಬರೆಯುವವರ ತಲೆ ಮೇಲಿಂದ ತೆಗೆದು ಬೇರೆಯವರಿಗೆ ಕೊಡಿ.