ನಮ್ಮವರು ಮುಂದದಾರ್ರೀ

ಥೀಮ್ ಪಾರ್ಕಿಗೆ ಹೋಗಿಬಂದ ಬಾಗಲಕೋಟೆಯ ಯಾರನ್ನೇ "ಹೆಂಗಿತ್ರೀ?" ಅಂತ ಕೇಳಿ ನೋಡಿ. ಯಾವ ಆಟ ಚೊಲೋ ಇತ್ತು ಅನ್ನೋದು ಆಮೇಲೆ ಬರುತ್ತದೆ. ಮೊದಲು ಬರುವುದು ಪಾಳಿಯ ಪುರಾಣ. ಒಂದೂವರೆ ತಾಸು ನಿಂತದ್ದು, ಎರಡು ನಿಮಿಷ ಆಡಿದ್ದು, ಕೈಗೆ ಬಣ್ಣದ ಪಟ್ಟಿ ಕಟ್ಟಿಕೊಂಡ ನಾಲ್ವರು ಪಕ್ಕದ ಕಂಬಿಯ ಆಚೆಯಿಂದ ಕಿಸಿಕಿಸಿ ನಗುತ್ತ ಸೀದಾ ಒಳಗೆ ನಡೆದದ್ದು. ಆ ನಗುವೇ ಹೊಟ್ಟೆ ಉರಿಸುವುದು. ಸುಮ್ಮನೆ ಹೋಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಮ್ಮ ಕಡೆಯವರಿಗೆ ಪಾರ್ಕು ಅಂದರೆ ರಾತ್ರಿಯಿಡೀ ಬಸ್ಸಿನ ದಾರಿ. ಬಿಡದಿಯ ವಂಡರ್‌ಲಾ 2005ರಲ್ಲಿ, ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ 2013ರಲ್ಲಿ ಶುರುವಾದವು. ಎರಡು ಕಡೆಯೂ ಹೆಚ್ಚಿನ ರೊಕ್ಕಕ್ಕೆ ಬೇರೆ ಪಾಳಿ ಉಂಟು. ಇದರ ಮೂಲ ಡಿಸ್ನಿಯವರಲ್ಲಿದೆ. 1999ರಲ್ಲಿ ಅವರು ತಂದ ಫಾಸ್ಟ್‌ಪಾಸ್ ಪುಗಸಟ್ಟೆ ಇತ್ತು: ಯಂತ್ರದಿಂದ ಚೀಟಿ ತಗೊಂಡು, ಅದರಲ್ಲಿ ಬರೆದ ಹೊತ್ತಿಗೆ ವಾಪಸ್ ಬಂದರೆ ಸಾಕು. 2021ರಲ್ಲಿ ಅದು ಹೋಗಿ ಅದರ ಜಾಗಕ್ಕೆ ರೊಕ್ಕದ ಪಾಳಿ ಬಂತು. ಪುಗಸಟ್ಟೆ ಸಿಕ್ಕಿದ್ದಕ್ಕೆ ಒಂದು ದಿನ ಬಿಲ್ಲು ಬಂದೇ ಬರುತ್ತದೆ.

ಆ ಬಿಲ್ಲಿನ ಒಂದು ಪಾಲು ರೊಕ್ಕದ ಪಾಳಿಯ ಕೈಪಟ್ಟಿ ಕೊಳ್ಳದವರೂ ಕಟ್ಟುತ್ತಾರೆ. ಹೇಗೆಂದರೆ, 24 ಸೀಟಿನ ರೋಲರ್ ಕೋಸ್ಟರ್ ಅಂದುಕೊಳ್ಳಿ. ಮೂರು ನಿಮಿಷಕ್ಕೊಂದು ಗಾಡಿ ಬಿಟ್ಟರೆ ತಾಸಿಗೆ 20 ಸುತ್ತು, 480 ಮಂದಿ. ನಿಮ್ಮ ಮುಂದೆ 240 ಮಂದಿ ಇದ್ದರೆ ಅರ್ಧ ತಾಸಿನ ಮಾತು. ಈಗ ಪ್ರತಿ ಗಾಡಿಯಲ್ಲಿ ಅರ್ಧ ಸೀಟು ಪಟ್ಟಿಯವರಿಗೆ ಹೋಯಿತು ಅನ್ನಿ. ನಿಮ್ಮ ಪಾಳಿಗೆ ಉಳಿದದ್ದು ತಾಸಿಗೆ 240 ಸೀಟು, ಅದೇ 240 ಮಂದಿಗೆ ಪೂರ್ತಿ ಒಂದು ತಾಸು. ಪಾರ್ಕಿನವರು ಹೊಸ ಡಬ್ಬಿ ಜೋಡಿಸಿಲ್ಲ, ಹೊಸ ಹಳಿ ಹಾಕಿಲ್ಲ. ನಿಮ್ಮ ಅರ್ಧ ತಾಸು ತೆಗೆದು ಪಕ್ಕದವರಿಗೆ ಮಾರಿದ್ದಾರೆ. ಎರಡು ಪಾಳಿ ಕೂಡುವ ಜಾಗದಲ್ಲಿ ಒಬ್ಬ ಹುಡುಗ ಹಗ್ಗ ಹಿಡಿದು ನಿಂತಿರುತ್ತಾನೆ. ಆ ಕಡೆಯಿಂದ ಎಷ್ಟು, ಈ ಕಡೆಯಿಂದ ಎಷ್ಟು ಅನ್ನೋದು ಅವನ ಕೈಯಲ್ಲಿ. ಆ ಹೊತ್ತಿಗೆ ಅವನ ಮುಂದೆ ತಹಶೀಲ್ದಾರರೂ ಸಣ್ಣವರೇ.

ಉಳಿದ ಹೊತ್ತು ತಿನ್ನುವುದು ಪ್ಲಾಟ್‌ಫಾರ್ಮು. ಚಪ್ಪಲಿ ಎಲ್ಲಿ ಬಿಡೋದು, ಚಾಳೀಸು ಯಾರ ಕೈಗೆ ಕೊಡೋದು, ಮೊಬೈಲ್ ಒಳಗಿನ ಕಿಸೆಗೆ ಹಾಕಿದರೆ ನಡೆದೀತೇ ಎಂಬ ಚರ್ಚೆ ಸೀಟಿನಲ್ಲಿ ಕುಂತ ಮೇಲೆಯೇ ಶುರುವಾಗುತ್ತದೆ. ಎದೆಯ ಮೇಲಿನ ಪಟ್ಟಿ ಎಲ್ಲರದೂ ಲಾಕ್ ಆಗದೆ ಗಾಡಿ ಕದಲುವುದಿಲ್ಲ. ಈ ಗಾಡಿ ಹೋಗದೆ ಹಿಂದಿನ ಗಾಡಿ ಒಳಗೆ ಬರುವಂತಿಲ್ಲ, ಅದು ಸ್ಟೇಷನ್ನಿನ ಹೊರಗೆ ಬ್ರೇಕಿನ ಮೇಲೆ ಬಿಸಿಲಲ್ಲಿ ನಿಂತಿರುತ್ತದೆ. ಮೂರು ನಿಮಿಷ ನಾಲ್ಕಾದರೆ ತಾಸಿಗೆ 480 ಹೋಗಿ 360. ಮೇಲೆ ಖಾಲಿ ಸೀಟಿನ ಲುಕ್ಸಾನು ಬೇರೆ: ನಾಲ್ಕು ಸೀಟಿನ ಸಾಲಿಗೆ ಮೂರೇ ಮಂದಿ ಕುಂತು, "ಇಲ್ಲಿ ಯಾರನ್ನೂ ಕೂಡಸಬ್ಯಾಡ್ರಿ, ನಾವು ಒಂದೇ ಮನಿಯವ್ರು" ಅನ್ನುತ್ತಾರೆ.

ಆದರೆ ಇವೆಲ್ಲವನ್ನೂ ಮೀರಿಸುವ ಪಾಸು ನಮ್ಮ ಹತ್ತಿರ ಮೊದಲಿನಿಂದಲೂ ಇದೆ. ಅದಕ್ಕೆ ಪಟ್ಟಿ ಬೇಡ, ರೊಕ್ಕ ಬೇಡ. ನಾಲ್ಕೇ ಪದ: "ತುಸು ಸರೀರಿ, ನಮ್ಮವರು ಮುಂದದಾರ್ರೀ."

ಬಸ್ಸಿನ ಕಿಟಕಿಯಿಂದ ಟಾವೆಲ್ ಒಗೆದು ಸೀಟು ಹಿಡಿಯುವ ನಾಡು ನಮ್ಮದು. ಪಾರ್ಕಿನ ಪಾಳಿಯಲ್ಲಿ ಟಾವೆಲ್ ನಡೆಯುವುದಿಲ್ಲವಾದ್ದರಿಂದ ಅದರ ಜಾಗಕ್ಕೆ ಒಬ್ಬ ಕಾಕಾನನ್ನು ನಿಲ್ಲಿಸುತ್ತಾರೆ. ಕಾಕಾ ಒಬ್ಬಂಟಿ, ಮರ್ಯಾದಸ್ಥ, ಕೈಯಲ್ಲಿ ಬ್ಯಾಗು. ಹಿಂದೆ ನಿಂತವರಿಗೆ ನೋಡಿದ ಕೂಡಲೇ ಸಮಾಧಾನ: ಒಬ್ಬರೇ ಅದಾರ, ಏನು ಮಹಾ. ಮೊದಲನೇ ತಿರುವಿನಲ್ಲಿ ಕಂಬಿಯ ಕೆಳಗಿಂದ ಒಂದು ಹುಡುಗ ನುಸುಳುತ್ತದೆ. ಹುಡುಗ, ಇರಲಿ. ಅದನ್ನು ಹುಡುಕಿಕೊಂಡು ಅದರ ಅವ್ವ. ತಾಯಿ, ಬಿಡಬೇಕಾಗುತ್ತದೆ. ಅವಳು ಮರೆತ ನೀರಿನ ಬಾಟಲಿ ಹಿಡಿದು ಚಿಗವ್ವ. ಚಿಗವ್ವನ ಇಬ್ಬರು ಹೆಣ್ಣುಮಕ್ಕಳು, ಅವರಲ್ಲಿ ಒಬ್ಬಳ ಕೈಯಲ್ಲಿ ಪಾಪ್‌ಕಾರ್ನು. ಪಾಪ್‌ಕಾರ್ನಿನ ಚಿಲ್ಲರೆ ಇಸಕೊಂಡು ಬಂದ ಮಾವ. ಮಾವನ ಜೋಡಿ ಬಂದ ಗೆಳೆಯ, ಗೆಳೆಯನ ಮನೆಯವರು. ಪ್ರತಿಯೊಬ್ಬರೂ ಹೊಸದಾಗಿ, ಮೊದಲ ಸಲ ಹೇಳುವವರ ಹಾಗೆ ಹೇಳುತ್ತಾರೆ: "ನಮ್ಮವರು ಮುಂದದಾರ್ರೀ." ಕೊನೆಯ ತಿರುವಿಗೆ ಬರುವಷ್ಟರಲ್ಲಿ ಒಬ್ಬ ಕಾಕಾ ಹೋಗಿ ಹನ್ನೊಂದು ಮಂದಿ.

ತಗಾದೆ ತೆಗೆಯಲು ಹೋದರೆ ಇನ್ನೂ ಕಷ್ಟ. "ಏನ್ರೀ ಇದು, ನಾವೇನು ಹುಚ್ಚರೇನ್ರೀ?" ಅಂದ ಕೂಡಲೇ ಕಾಕಾ ತಿರುಗಿ ತಣ್ಣಗೆ ಕೇಳುತ್ತಾರೆ: "ಯಾವೂರ್ರೀ ನಿಮ್ದು?" ಇಳಕಲ್ ಅಂದಿರೋ, ಮುಗಿಯಿತು. "ಇಳಕಲ್ಲಾ? ನಮ್ಮ ಬೀಗರ ಊರು ಅದು! ಯಾವ ಓಣಿ?" ಓಣಿ ಹೇಳುವಷ್ಟರಲ್ಲಿ ಸೋದರಮಾವನ ಕಡೆಯಿಂದ ಒಂದು ಸಂಬಂಧ ಹೊರಡುತ್ತದೆ, ಜಗಳ ಕಂಬಿಯ ಮೇಲೆಯೇ ಒಣಗುತ್ತದೆ. ಮುಂದಿನ ತಿರುವಿನಲ್ಲಿ ಅವರ ಇನ್ನೊಬ್ಬ ಸೊಸೆ ಬಂದಾಗ ಜಗಳಕ್ಕೆ ನಿಂತವರೇ ಸರಿದು ದಾರಿ ಬಿಟ್ಟು, ಹಿಂದಿನವರಿಗೆ ಸಮಜಾಯಿಷಿ ಕೊಡುತ್ತಿರುತ್ತಾರೆ: "ಬಿಡ್ರಿ, ಅವರ ಮಂದಿ ಮುಂದದಾರ."

ಎಲ್ಲಕ್ಕೂ ಮಿಗಿಲಾದದ್ದು ಕೊನೆಯಲ್ಲಿ. ತಾಸುಗಟ್ಟಲೆ ನಿಂತ ಕಾಕಾ ಗೇಟಿನ ಹತ್ತಿರ ಬಂದು ಮೇಲಿನ ಹಳಿ ನೋಡಿ, "ನಾ ಒಲ್ಲೆಪಾ, ನನಗ ಬಿ.ಪಿ. ಐತಿ" ಅಂತ ಹತ್ತು ಮಂದಿಯ ಮೊಬೈಲು, ಚಾಳೀಸು, ಪರ್ಸು ಹೊತ್ತು ಪಾಳಿಯೊಳಗೆ ಉಲ್ಟಾ ನಡೆಯುತ್ತಾರೆ. ಬಂದವರಿಗೆ ಸರಿದದ್ದು ಸಾಲದು, ಹೋಗುವವರಿಗೂ ಸರಿಯಬೇಕು.

ಇಂಥ ಹತ್ತು ಕಾಕಾಗಳು ಇದ್ದರೆ ನಿಮ್ಮ ಮುಂದಿನ 240 ಮಂದಿ 340 ಆಗುತ್ತಾರೆ. ಅರ್ಧ ಸೀಟು ಪಟ್ಟಿಯವರಿಗೆ ಹೋದ ಲೆಕ್ಕಕ್ಕೆ ಇದನ್ನೂ ಸೇರಿಸಿದರೆ ಕಾಯುವ ಹೊತ್ತು 85 ನಿಮಿಷ. ಅದರಲ್ಲಿ ಪಟ್ಟಿಯವರ ಪಾಲು 30, ಕಾಕಾಗಳ ಪಾಲು 25. ಪಟ್ಟಿಯವರು ರೊಕ್ಕವಾದರೂ ಕೊಟ್ಟಿದ್ದಾರೆ. ಬೈಗುಳ ಮಾತ್ರ ಪೂರ್ತಿ ಅವರಿಗೇ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯ ತೊಟ್ಟಿಲಿಗೆ ಈ ತಾಪತ್ರಯ ಇರಲಿಲ್ಲ. ತೂಕ ಸಮ ಆಗಬೇಕೆಂದು ತೊಟ್ಟಿಲಿನವನು ಈ ಕಡೆ ನಾಲ್ವರನ್ನು ಕೂಡಿಸಿದರೆ ಎದುರಿನ ಕಡೆ ನಾಲ್ವರನ್ನು ಕೂಡಿಸುತ್ತಿದ್ದ. ಅವನು ಬೆರಳು ತೋರಿದವರೇ ಹತ್ತಬೇಕು. ಕೆಳಗೆ ನಿಂತವರ ಕೈಯಲ್ಲಿ ಮಿರ್ಚಿ, ಬಾಯಲ್ಲಿ ಚುರುಮುರಿ, ಕಿವಿಗೆ ದೂರದ ನಾಟಕ ಕಂಪನಿಯ ಮೈಕು. ಮೇಲಿನವರ ಚೀರಾಟ ಕೇಳುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬನದ ಹುಣ್ಣಿಮೆಯ ಥಂಡಿಯಲ್ಲಿ ಹಾಗೆ ನಿಲ್ಲುವುದೂ ಜಾತ್ರೆಯೇ ಆಗಿತ್ತು. ಈಗಿನ ಪಾಳಿಯಲ್ಲಿ ತಿನ್ನಲು ಏನೂ ಇಲ್ಲ, ಕಟಕ ರೊಟ್ಟಿ ಶೇಂಗಾ ಚಟ್ನಿಯ ಬುತ್ತಿ ಬಸ್ಸಿನಲ್ಲಿ ಉಳಿದಿರುತ್ತದೆ.

ಇರಲಿ. ಹೋಗುವುದಂತೂ ತಪ್ಪುವುದಿಲ್ಲ. ಪಟ್ಟಿ ಕೊಳ್ಳಬೇಕೋ ಬೇಡವೋ ಅನ್ನೋದು ಪಾರ್ಕಿಂಗಿನಲ್ಲೇ ತಿಳಿಯುತ್ತದೆ. ಶಾಲಾ ಪ್ರವಾಸದ ಬ್ಯಾನರು ಕಟ್ಟಿದ ಬಸ್ಸುಗಳು ಸಾಲಾಗಿ ನಿಂತಿದ್ದರೆ, ದಸರಾ ರಜೆಯೋ ಡಿಸೆಂಬರಿನ ಕೊನೆಯ ವಾರವೋ ಆಗಿದ್ದರೆ, ಮನೆಯಲ್ಲಿ ಎತ್ತರದ ಆಟಕ್ಕೆ ಹತ್ತುವವರು ಇಬ್ಬರೇ ಇದ್ದರೆ ಆ ಇಬ್ಬರಿಗೆ ಮಾತ್ರ ಕೊಳ್ಳಿ. ಹನ್ನೊಂದು ಮಂದಿಗೂ ಕೊಂಡು ಕಾಕಾಗೂ ಕಟ್ಟಿಸುವುದು ದಂಡ. ಮಂಗಳವಾರ, ಬುಧವಾರದ ಖಾಲಿ ದಿನಕ್ಕೆ ಬೇಡವೇ ಬೇಡ. ಯಾವ ಆಟಗಳಿಗೆ, ಎಷ್ಟು ಸಲ ನಡೆಯುತ್ತದೆ ಎಂದು ರೊಕ್ಕ ಎಣಿಸುವ ಮೊದಲೇ ಓದಿ, ಬಹಳ ಕಡೆ ಒಂದಾಟಕ್ಕೆ ಒಂದೇ ಸಲ. ಮಳೆ ಬಂದು ಆಟ ನಿಂತರೆ ಪಟ್ಟಿಯವರೂ ನಿಮ್ಮ ಜೋಡಿಯೇ ನೆನೆಯುತ್ತಾರೆ. ಆಗ ಅವರ ಮುಖ ನೋಡುವುದೂ ಒಂದು ಆಟವೇ.

ಬೋರ್ಡಿನ ಮೇಲಿನ ನಿಮಿಷ ನಂಬುವ ಬದಲು ನೀವೇ ಎಣಿಸಿ. ಕಂಬಿಯ ಒಂದು ಸಾಲಿನಲ್ಲಿ ಎಷ್ಟು ತಲೆ, ಒಟ್ಟು ಎಷ್ಟು ಸಾಲು ನೋಡಿ ಗುಣಿಸಿ. ಆರು ನಿಮಿಷದಲ್ಲಿ ಸಾದಾ ಪಾಳಿಯಿಂದ ಎಷ್ಟು ಮಂದಿ ಹತ್ತಿದರು ಎಣಿಸಿ ಹತ್ತರಿಂದ ಗುಣಿಸಿದರೆ ತಾಸಿನ ಲೆಕ್ಕ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಎಷ್ಟು ತಾಸು ಕಾಯಬೇಕೆಂದು ಸಿಗುತ್ತದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ್ದು ಇದೇ ಸೂತ್ರ. ಕಾಕಾ ಒಬ್ಬರೇ ಬ್ಯಾಗು ಹಿಡಿದು ನಿಂತದ್ದು ಕಂಡರೆ ಮಾತ್ರ ಅವರನ್ನು ಹನ್ನೊಂದು ಅಂತಲೇ ಹಿಡಿಯಿರಿ.

ಗೇಟು ತೆರೆದ ಕೂಡಲೇ ಎಲ್ಲರೂ ಕಣ್ಣಿಗೆ ಬಿದ್ದ ಮೊದಲ ಆಟಕ್ಕೆ ಓಡುತ್ತಾರೆ. ನೀವು ಹಿಂದಿನ ತುದಿಗೆ ನಡೆದು ದೊಡ್ಡ ಆಟದಿಂದ ಶುರು ಮಾಡಿ. ನೀರಿನ ಆಟಕ್ಕೆ ನೈಲಾನ್ ಬಟ್ಟೆ ಊರಿನಿಂದಲೇ ಒಯ್ಯಿರಿ. ಹತ್ತಿ ಬಟ್ಟೆಯ ನೂಲು ಫಿಲ್ಟರಿಗೆ ಸಿಗುತ್ತದೆಂದು ಒಳಗೆ ಬಿಡುವುದಿಲ್ಲ, ಅಲ್ಲೇ ಕೊಳ್ಳಲು ಹೋದರೆ ಅದಕ್ಕೊಂದು ಪಾಳಿ. ಕೊನೆಯ ತಾಸಿನಲ್ಲಿ ಮಕ್ಕಳಿರುವವರು ಬಟ್ಟೆ ಬದಲಿಸಲು ಹೊರಟಿರುತ್ತಾರೆ, ದೊಡ್ಡ ಆಟಗಳ ಕಂಬಿ ಅರ್ಧ ಖಾಲಿ. ಪಟ್ಟಿ ಇಲ್ಲದೆ ಎರಡೆರಡು ಸಲ ಆಡಬಹುದಾದ ಹೊತ್ತು ಅದು. ಬಸ್ಸಿನವನಿಗೆ ಆರೂವರೆ ಅನ್ನದೆ ಏಳೂವರೆ ಅಂತ ಬೆಳಿಗ್ಗೆಯೇ ಹೇಳಿಟ್ಟಿರಬೇಕು, ಅಷ್ಟೇ.